ಕಲಿಕಾ ಹಬ್ಬಕ್ಕೆ ಹೋದ ನನ್ನ ಕೈಗುಣ

ನನ್ನ ಮಗಳು ಐದನೇ ಕ್ಲಾಸಿನಲ್ಲಿದ್ದಾಗ ಶಾಲೆಯ ಕಲಿಕಾ ಹಬ್ಬಕ್ಕೆ ನನ್ನ ಕೈಯನ್ನೇ ಪ್ರಾಜೆಕ್ಟ್ ಮಾಡಿದಳು. ಉಳಿದ ತಾಯಂದಿರು ಥರ್ಮಕೋಲು ಕತ್ತರಿಸಿಕೊಟ್ಟು, ಚಾರ್ಟಿಗೆ ಅಂಟು ಹಚ್ಚಿಕೊಟ್ಟು ಪಾರಾದರು. ನಾನೊಬ್ಬಳು ಮಾತ್ರ ಇಡೀ ಊರಿನ ಎದುರು ಪರೀಕ್ಷೆಗೆ ಕೂರಬೇಕಾಯಿತು. ಅದೂ ಒಂದಕ್ಷರ ಬರೆಯುವ ಹಾಗಿಲ್ಲ, ಒಂದು ಮಾತು ಆಡುವ ಹಾಗಿಲ್ಲ, ಸುಮ್ಮನೆ ನಿಂತು ಫಲಿತಾಂಶ ನೋಡಬೇಕು, ಅಂಥ ಪರೀಕ್ಷೆ.

ಕೈಗುಣ ಅನ್ನುವುದು ಹೊಸೂರಿನ ಹತ್ತಿರದ ನಮ್ಮ ಬಾಗಲೂರು ಕಡೆ ತಮಾಷೆಯ ಮಾತಲ್ಲ. ಸಸಿ ಎಬ್ಬಿಸುವುದಕ್ಕೆ ಪಾತಿ ಮಾಡಿ ಬೀಜ ಚೆಲ್ಲುವುದನ್ನು ನಾವು ಒಟ್ಲು ಬಿಡುವುದು ಅನ್ನುತ್ತೇವೆ. ಆ ದಿನ ಮೊದಲ ಹಿಡಿಯನ್ನು ಸಿಕ್ಕಸಿಕ್ಕವರು ಹಾಕುವಂತಿಲ್ಲ. ಒಳ್ಳೆಯ ಕೈ ಅಂತ ಹೆಸರಾದ ಹೆಂಗಸನ್ನು ಕರೆದು, ಹಣೆಗೆ ಕುಂಕುಮ ಇಟ್ಟು, ಸೆರಗಿಗೆ ಬೀಜ ಸುರಿದು ಕೊಡಬೇಕು. ಅವಳು ಪೂರ್ವಕ್ಕೆ ಮುಖ ಮಾಡಿ ಒಂದು ಹಿಡಿ ಚೆಲ್ಲಿದ ಮೇಲೆ ಉಳಿದದ್ದನ್ನು ಯಾರು ಹಾಕಿದರೂ ಕೇಳುವವರಿಲ್ಲ. ಈಗ ಟೊಮೆಟೊ ಸಸಿಯನ್ನು ಎಲ್ಲರೂ ನರ್ಸರಿಯಿಂದ ಟ್ರೇಗಟ್ಟಲೆ ತಂದುಬಿಡುತ್ತಾರೆ, ಅದಕ್ಕೆ ಯಾರ ಕೈಗುಣವೂ ಬೇಕಿಲ್ಲ. ಆದರೆ ಮೆಣಸಿನಕಾಯಿ, ಬದನೆ, ರಾಗಿಯ ಒಟ್ಲು ಇನ್ನೂ ಮನೆಯ ಹಿತ್ತಲಲ್ಲೇ ಏಳುತ್ತದೆ, ಆ ಮೊದಲ ಹಿಡಿಗೆ ಇನ್ನೂ ಅದೇ ಮರ್ಯಾದೆ.

ನಾನು ರಾಯಕೋಟೆಯ ಕಡೆಯಿಂದ ಮದುವೆಯಾಗಿ ಬಂದವಳು. ಬಂದ ವರ್ಷ ನಮ್ಮ ಅತ್ತೆ, ಏನು ಅಂದುಕೊಂಡರೋ ಏನೋ, ಬದನೆ ಬೀಜವನ್ನು ನನ್ನ ಸೆರಗಿಗೆ ಸುರಿದು, ಹಾಕು ಅಂದರು. ಅದುವರೆಗೂ ಊರಿನ ಒಟ್ಲುಗಳೆಲ್ಲ ಅತ್ತೆಯ ಕೈಯಲ್ಲೇ ಏಳುತ್ತಿದ್ದವು. ನಾನು ಹೆದರಿಕೊಂಡೇ ಚೆಲ್ಲಿದೆ. ಸಸಿ ಎಷ್ಟು ಒತ್ತಾಗಿ ಎದ್ದಿತೆಂದರೆ ಕಿತ್ತು ಕಿತ್ತು ಊರಿಗೆಲ್ಲ ಹಂಚಬೇಕಾಯಿತು. ಇನ್ನು ಮುಂದೆ ನನ್ನನ್ನು ಕರೆಯಬೇಡಿ, ನನ್ನ ಸೊಸೆಯನ್ನು ಕರೆಯಿರಿ ಅಂತ ಅತ್ತೆ ಬೀದಿಯಲ್ಲಿ ನಿಂತು ಹೇಳಿಬಿಟ್ಟರು. ಹೊಸ ಊರಿನಲ್ಲಿ ನನಗೆ ಸಿಕ್ಕಿದ ಮೊದಲ ಹೆಸರು ಅದು. ಇವರ ಹೆಂಡತಿ, ಅವರ ಸೊಸೆ ಅನ್ನುವುದೆಲ್ಲ ಬೇರೆ. ಇದು ನನ್ನದೇ. ಯಾರ ಮನೆಯಿಂದಲಾದರೂ ಕುಂಕುಮದ ಬಟ್ಟಲು ಹಿಡಿದು ಕರೆಯಲು ಬಂದರೆ ನಾನು ಮುಖ ಬಿಗಿಹಿಡಿದು ಹೊರಡುತ್ತಿದ್ದೆ, ಒಳಗೊಳಗೇ ಮಾತ್ರ ಹಿಗ್ಗಿ ಹೀರೇಕಾಯಿ ಆಗುತ್ತಿದ್ದೆ.

ಅದು ಒಂದೇ ಮಳೆಗೆ ಹೋಯಿತು. ಪಕ್ಕದ ಮನೆಯ ಅಕ್ಕ ಮೆಣಸಿನಕಾಯಿ ಒಟ್ಲಿಗೆ ನನ್ನನ್ನು ಕರೆದಿದ್ದಳು. ಎಲೆ ಬಿಟ್ಟು ನಗುತ್ತಿದ್ದ ಸಸಿಗಳ ಮೇಲೆ ಹೊತ್ತಲ್ಲದ ಹೊತ್ತಿನಲ್ಲಿ ಮಳೆ ಹಿಡಿದುಕೊಂಡಿತು. ಪಾತಿಯಲ್ಲಿ ನೀರು ನಿಂತು, ಬುಡ ಕೊಳೆತು, ಸಸಿಗಳೆಲ್ಲ ಸಾಲಾಗಿ ಮಲಗಿದವು. ಅಕ್ಕ ನನ್ನೊಂದಿಗೆ ಜಗಳವಾಡಲಿಲ್ಲ. ಆಡಿದ್ದರೆ ನಾನೂ ಎರಡು ಮಾತು ಆಡಿ ಮುಗಿಸುತ್ತಿದ್ದೆ. ಮುಂದಿನ ಒಟ್ಲಿಗೆ ಅವಳು ಮೇಲಿನ ಬೀದಿಯ ಹೆಂಗಸನ್ನು ಕರೆದಳು, ಅಷ್ಟೇ. ಆಮೇಲೆ ಇನ್ನೊಂದು ಮನೆಯವರೂ ನನ್ನ ಬಾಗಿಲು ದಾಟಿಕೊಂಡು ಅಲ್ಲಿಗೇ ಹೋದರು. ಆಮೇಲೆ ಎಲ್ಲರೂ.

ಯಾಕೆ ಕರೆಯಲಿಲ್ಲ ಅಂತ ಕೇಳುವ ಹಾಗಿಲ್ಲ. ಕೇಳಿದರೆ, ಅಯ್ಯೋ ಹಾಗೇನಿಲ್ಲ ಅನ್ನುತ್ತಾರೆ. ನನ್ನ ಕೈ ಚೆನ್ನಾಗಿದೆ ಅಂತ ನಾನೇ ಹೇಳಿಕೊಳ್ಳುವುದಂತೂ ಆಗದ ಮಾತು. ಬೇರೆ ಯಾವ ಆರೋಪಕ್ಕಾದರೂ ಉತ್ತರ ಕೊಡಬಹುದು, ಇದಕ್ಕೆ ಇಲ್ಲ. ಆ ಅಕ್ಕ ಮತ್ತು ನಾನು ಒಂದೇ ವ್ಯಾನಿನಲ್ಲಿ ಗುಲಾಬಿ ಬೆಳೆಯುವ ಶೆಡ್ಡಿಗೆ ಕೂಲಿಗೆ ಹೋಗುತ್ತೇವೆ, ಪಕ್ಕಪಕ್ಕದ ಸಾಲಿನಲ್ಲೇ ಹೂವು ಕತ್ತರಿಸುತ್ತೇವೆ. ಇಷ್ಟು ವರ್ಷ ನನ್ನ ಕೈಯಿಂದ ಹೋದ ಗುಲಾಬಿಗಳಲ್ಲಿ ಯಾವುದೂ ನನ್ನ ಕೈಗುಣಕ್ಕೆ ಬಾಡಿದ್ದು ನಾನು ಕಾಣೆ. ಅದನ್ನು ಯಾರಿಗೆ ಹೇಳಲಿ? ನನ್ನ ಪರವಾಗಿ ನಿಂತವರು ಅತ್ತೆ ಒಬ್ಬರೇ. ನಲ್ಲಿಯ ಹತ್ತಿರ ಯಾರಾದರೂ ಆ ಮಾತು ಎತ್ತಿದರೆ ಸಾಕು, ಮಳೆ ಹುಯ್ದರೆ ನನ್ನ ಸೊಸೆ ಕೊಡೆ ಹಿಡಿಯಬೇಕಿತ್ತಾ ಅಂತ ಕೊಡ ಕೆಳಗಿಟ್ಟು ಜಗಳಕ್ಕೆ ನಿಲ್ಲುತ್ತಿದ್ದರು. ಅವರು ಜಗಳವಾಡಿ ಬಂದ ದಿನ ನಾನು ನೆಮ್ಮದಿಯಾಗಿ ನಿದ್ದೆ ಮಾಡುತ್ತಿದ್ದೆ.

ಇದೆಲ್ಲ ಮಗಳ ಕಿವಿಗೂ ಬೀಳುತ್ತಿತ್ತು. ನಮ್ಮೂರಿನದು ಕನ್ನಡ ಶಾಲೆ, ತಮಿಳುನಾಡಿನ ಸರ್ಕಾರದ್ದು. ಅವಳ ಮೇಡಂ ಕೃಷ್ಣಗಿರಿ ಕಡೆಯವರು. ಮನೆಮಾತು ತೆಲುಗು, ಪಾಠ ಮಾಡುವುದು ಕನ್ನಡದಲ್ಲಿ, ಮೇಲಿನವರ ಫೋನು ಬಂದರೆ ತಮಿಳು. ಆ ಮೇಡಂ ಕಲಿಕಾ ಹಬ್ಬಕ್ಕೆ ಒಂದು ಷರತ್ತು ಹಾಕಿದ್ದರು. ಅಂಗಡಿಯಲ್ಲಿ ಸಿಗುವ ಮಾಡೆಲ್ಲು ತರಬಾರದು, ಪ್ರತಿಯೊಬ್ಬರೂ ತಮ್ಮ ಮನೆಯಿಂದ ಒಂದು ಪ್ರಶ್ನೆ ತರಬೇಕು, ಉತ್ತರವನ್ನು ತಾವೇ ಹುಡುಕಬೇಕು, ಜೊತೆಗೆ ಅದಕ್ಕೊಂದು ಚಿತ್ರವೋ ಗೊಂಬೆಯೋ ಮಾಡಬೇಕು. ಮಗಳು ಶಾಲೆಯಿಂದ ಬಂದವಳೇ ಚೀಲ ಬಿಸಾಕಿ ನನ್ನ ಎದುರು ನಿಂತಳು.

“ಅಮ್ಮ, ಕೈಗುಣ ಅನ್ನೋದು ನಿಜ್ವಾಗ್ಲೂ ಐತಾ?”

ನನ್ನ ಒಗ್ಗರಣೆ ಸೀದುಹೋಯಿತು. ಅದೇ ಅವಳ ಪ್ರಶ್ನೆಯಂತೆ, ಮೇಡಂ ಒಪ್ಪಿದ್ದೂ ಆಯಿತಂತೆ. ಬೇಡ ಕಣೇ, ಮನೆಯ ಮಾತು ಶಾಲೆಗೆ ಯಾಕೆ ಅಂತ ಬೈದೆ. ಅವಳು ಜಗ್ಗಲಿಲ್ಲ. ಇಲ್ಲ ಅಂತ ತೋರಿಸಿಬಿಟ್ಟರೆ ಎಲ್ಲರೂ ನಿನ್ನನ್ನು ಮತ್ತೆ ಕರೆಯುತ್ತಾರೆ ಅಂದಳು. ಅಷ್ಟು ಸುಲಭವಾಗಿ ಅವಳು ಹೇಳಿದ್ದನ್ನು ಕೇಳಿ ನನಗೂ ಒಂದು ಆಸೆ ಹುಟ್ಟಿಬಿಟ್ಟಿತು. ಹತ್ತು ವರ್ಷದ ಹುಡುಗಿ ನನ್ನ ವಕೀಲಳಾಗಿ ನಿಂತರೆ ನಾನು ಹೇಗೆ ಬೇಡ ಅನ್ನಲಿ?

ಅವಳು ಮಾಡಿದ ಏರ್ಪಾಡು ಚೊಕ್ಕವಾಗಿತ್ತು. ಒಂದೇ ಥರದ ನಾಲ್ಕು ಪ್ಲಾಸ್ಟಿಕ್ ಲೋಟ, ಒಂದೇ ಜರಡಿಯಲ್ಲಿ ಜರಡಿ ಹಿಡಿದ ಮಣ್ಣು, ಒಂದೇ ಡಬ್ಬದ ರಾಗಿ. ಒಂದು ಲೋಟಕ್ಕೆ ನಾನು, ಒಂದಕ್ಕೆ ಅತ್ತೆ, ಒಂದಕ್ಕೆ ಪಕ್ಕದ ಮನೆಯ ಅಕ್ಕ, ಇನ್ನೊಂದಕ್ಕೆ ಮಣ್ಣು ಮುಟ್ಟಿಯೇ ಗೊತ್ತಿಲ್ಲದ ಅವಳ ಮೇಡಂ. ಕೆಳಗೆ ತೂತು ಮಾಡಿದರೆ ಒಂದೊಂದರಲ್ಲಿ ಒಂದೊಂದು ಥರ ನೀರು ಸೋರಿ ಹೋಗುತ್ತದೆ, ಲೆಕ್ಕ ತಪ್ಪುತ್ತದೆ ಅಂತ ಯಾವ ಲೋಟಕ್ಕೂ ತೂತು ಮಾಡಲಿಲ್ಲ. ಟಾನಿಕ್ ಬಾಟಲಿಯ ಮುಚ್ಚಳದಲ್ಲಿ ಅಳೆದು, ದಿನಾ ಬೆಳಿಗ್ಗೆ ಅವಳೊಬ್ಬಳೇ ನೀರು ಹಾಕುವುದು. ಬೇರೆ ಯಾರೂ ಮುಟ್ಟುವ ಹಾಗಿಲ್ಲ ಅಂತ ಮನೆಯವರಿಗೆಲ್ಲ ಕಟ್ಟಪ್ಪಣೆಯಾಯಿತು. ಬೆಕ್ಕಿಗೂ ಒಂದು ಸಲ ಬೆರಳು ತೋರಿಸಿ ಹೇಳಿದಳು.

ಚಿತ್ರದ ಪಾಲಿಗೆ ಅವಳು ನಮ್ಮ ನಾಲ್ವರ ಅಂಗೈಗೂ ಕೆಮ್ಮಣ್ಣು ಕಲಸಿ ಹಚ್ಚಿ ಬಿಳಿ ಹಾಳೆಯ ಮೇಲೆ ಒತ್ತಿಸಿಕೊಂಡಳು. ಸುತ್ತ ಅರಿಸಿನದ ಚುಕ್ಕೆ ಇಟ್ಟು ಬಳ್ಳಿ ಬರೆದಳು. ಪಕ್ಕದ ಮನೆಯ ಅಕ್ಕ ನಗುತ್ತಾ ಕೈ ಕೊಟ್ಟಳು, ಮಗುವಿನ ಆಟ ಅಂತ. ಅತ್ತೆ ಮಾತ್ರ ನಗಲಿಲ್ಲ. ಹಾಳೆಯ ಮೇಲೆ ಒಣಗುತ್ತಿದ್ದ ನನ್ನ ಕೈಯಚ್ಚನ್ನು ನೋಡಿದರು. ಮಗು ಆಟ ಆಡುತ್ತಿದೆ, ಊರು ಆಟ ಅಂದುಕೊಳ್ಳುವುದಿಲ್ಲ ಅಂದರು. ಲೋಟಗಳು ದನದ ಕೊಟ್ಟಿಗೆಯ ಗೋಡೆಗೆ ಒತ್ತಿಕೊಂಡು ಬಿಸಿಲು ಬೀಳುವ ಕಡೆ ಕೂತವು.

ರಾಗಿ ಎದ್ದಿತು. ನಾಲ್ಕು ಲೋಟದಲ್ಲೂ ಒಂದೇ ದಿನ, ಒಂದೇ ಸಮ, ಸೂಜಿಮೊನೆಯಂಥ ಹಸಿರು. ಮೇಡಂ ಅವರ ಲೋಟ ಸುದ್ದಿಯಾಯಿತು. ಪಟ್ಟಣದವರ ಕೈಯಲ್ಲೂ ರಾಗಿ ಏಳುತ್ತದಲ್ಲ ಅಂತ ಮಾವ ದನ ಬಿಚ್ಚುವಾಗಲೆಲ್ಲ ಬಗ್ಗಿ ನೋಡಿ ಹೋಗುತ್ತಿದ್ದರು. ಮಗಳು ಹಿತ್ತಲಲ್ಲಿ ಕುಣಿದಳು. ಮೂರು ಭಾಷೆಯಲ್ಲಿ ಭಾಷಣ ತಯಾರು ಮಾಡಿಕೊಂಡಳು. ಕೈಗುಣ ಅನ್ನೋದು ಇಲ್ಲ, ಬೀಜ ಮಣ್ಣು ನೀರು ಬಿಸಿಲು ಅಷ್ಟೇ ಇರುವುದು ಅಂತ. ನಾನು ಮೊಸರು ಕಡೆಯುತ್ತಾ ಅದನ್ನು ಕೇಳಿಸಿಕೊಳ್ಳುತ್ತಿದ್ದೆ, ಕೇಳಿದ್ದನ್ನೇ ಇನ್ನೊಂದು ಸಲ ಹೇಳಿಸುತ್ತಿದ್ದೆ.

ಹಬ್ಬಕ್ಕೆ ಇನ್ನೇನು ಎರಡು ದಿನ ಅನ್ನುವಾಗ ನನ್ನ ಲೋಟ ಹಳದಿಯಾಯಿತು. ಮೊದಲು ಎಲೆಯ ತುದಿ, ಆಮೇಲೆ ಇಡೀ ಪೈರು. ಹಬ್ಬದ ಹಿಂದಿನ ದಿನ ಬೆಳಿಗ್ಗೆ ನೋಡಿದರೆ ಬೆಂಕಿಗೆ ಹಿಡಿದ ಹಾಗೆ ಕಂದಿ ಮಲಗಿತ್ತು. ಉಳಿದ ಮೂರು ಲೋಟಗಳು ಪಕ್ಕದಲ್ಲೇ ಹಸಿರಾಗಿ ನಿಂತಿದ್ದವು. ಮಗಳು ಮುಚ್ಚಳ ಕೈಯಲ್ಲಿ ಹಿಡಿದುಕೊಂಡು ನಿಂತಿದ್ದಳು. ಅಳುತ್ತಿದ್ದಳು. ನನಗೆ ಆ ಲೋಟವನ್ನು ತಿಪ್ಪೆಗೆ ಎಸೆಯಬೇಕು ಅನ್ನಿಸಿತು. ನಿಜ ಹೇಳಬೇಕೆಂದರೆ ಒಂದು ಕ್ಷಣ ನನ್ನ ಅಂಗೈಯನ್ನೇ ತಿರುಗಿಸಿ ನೋಡಿಕೊಂಡೆ.

ಫ್ಯಾಕ್ಟರಿಯ ಪಾಳಿ ಮುಗಿಸಿ ಬಂದ ನನ್ನ ಗಂಡ, ಅದಕ್ಯಾಕೆ ಅಳುತ್ತೀ, ಬೇರೆ ಲೋಟದಿಂದ ನಾಲ್ಕು ಪೈರು ಕಿತ್ತು ಇದರಲ್ಲಿ ನೆಟ್ಟುಬಿಡು ಅಂದರು. ಆಗಲ್ಲ ಅಪ್ಪಾ, ಸುಳ್ಳಾಗುತ್ತದೆ, ಏನು ಕಂಡಿತೋ ಅದನ್ನೇ ಹೇಳಬೇಕು ಅಂತ ಮೇಡಂ ಹೇಳಿದ್ದಾರೆ ಅಂದಳು ಮಗಳು. ಎಂಥ ಹುಡುಗಿಯನ್ನು ಹೆತ್ತೆ ಅಂತ ನನಗೆ ಹೆಮ್ಮೆ. ಇದೇನು ಹುಡುಗಿಯಪ್ಪಾ ಅಂತ ಅದರ ಜೊತೆಗೇ ಸಿಟ್ಟು. ಎರಡನ್ನೂ ನುಂಗಿಕೊಂಡು ಜಡೆ ಹಾಕಿದೆ. ಅತ್ತೆ ಕೊಟ್ಟಿಗೆಯ ಬಾಗಿಲಲ್ಲಿ ನಿಂತು ಆ ಲೋಟವನ್ನು ನೋಡುತ್ತಿದ್ದರು. ನನ್ನ ಪರವಾಗಿ ಅವರು ಒಂದು ಮಾತೂ ಆಡದೆ ಇದ್ದದ್ದು ಅದೇ ಮೊದಲು ಅನ್ನುವುದು ನನಗೆ ಆಗ ಹೊಳೆಯಲಿಲ್ಲ.

ಕಲಿಕಾ ಹಬ್ಬದ ದಿನ ಶಾಲೆಯ ಎರಡೂ ಕೋಣೆಗಳಲ್ಲಿ ಬೆಂಚು ಜೋಡಿಸಿ ಬಣ್ಣದ ಸೀರೆ ಹೊದಿಸಿದ್ದರು. ಒಬ್ಬ ಹುಡುಗ ರಾಯಕೋಟೆಯ ಕೋಟೆಯನ್ನು ಥರ್ಮಕೋಲಿನಲ್ಲಿ ಮಾಡಿದ್ದ, ಫ್ಯಾನು ತಿರುಗಿದಾಗಲೆಲ್ಲ ಅದರ ಬುರುಜು ಬೀಳುತ್ತಿತ್ತು. ಇನ್ನೊಬ್ಬಳು ಹೆದ್ದಾರಿ ಬದಿಯ ಜೂಜುವಾಡಿಯಲ್ಲಿ ತನ್ನ ಮಾವನ ಟೀ ಅಂಗಡಿಯ ಮುಂದೆ ಕೂತು ಲಾರಿಗಳನ್ನು ಎಣಿಸಲು ಹೋಗಿ, ಲೆಕ್ಕ ತಪ್ಪಿ, ಕೊನೆಗೆ ಲಾರಿಗಳ ಹಿಂದಿನ ಚಿತ್ರಗಳನ್ನೆಲ್ಲ ಬರೆದುಕೊಂಡು ಬಂದಿದ್ದಳು. ಎಲ್ಲರೂ ಮುತ್ತಿಕೊಂಡಿದ್ದು ಮಾತ್ರ ಮನೆಯಲ್ಲಿ ಯಾರು ಯಾವ ಭಾಷೆಯಲ್ಲಿ ಬೈಯುತ್ತಾರೆ ಅನ್ನುವ ಸಂಶೋಧನೆಯ ಸುತ್ತ. ತಾತನಿಗೆ ಸಿಟ್ಟು ಬಂದರೆ ತೆಲುಗು, ಅವ್ವನಿಗೆ ಕನ್ನಡ, ಅಪ್ಪ ಫ್ಯಾಕ್ಟರಿಯಿಂದ ಬಂದ ಹೊಸದರಲ್ಲಿ ತಮಿಳು, ಊಟ ಆದ ಮೇಲೆ ಕನ್ನಡ. ಬೈಗುಳಗಳನ್ನು ಬರೆಯದೆ ಬರೀ ಮುಖಗಳನ್ನು ಬರೆದಿದ್ದರು. ಆ ಮುಖಗಳ ಗುರುತು ಹಿಡಿದು ಹೆಂಗಸರು ನಕ್ಕು ಸಾಕಾಗುತ್ತಿದ್ದರು. ನಾನೂ ನಕ್ಕೆ. ನಗುವಾಗಲೂ ನನ್ನ ಕಣ್ಣು ಮೂಲೆಯ ಬೆಂಚಿನ ಕಡೆಗೇ ಇತ್ತು.

ಅಲ್ಲಿ ಗೋಡೆಯ ಮೇಲೆ ನಾಲ್ಕು ಕೆಂಪು ಅಂಗೈಗಳಿದ್ದವು, ಒಂದೊಂದರ ಕೆಳಗೆ ಒಂದೊಂದು ಲೋಟ. ನನ್ನ ಅಂಗೈಯ ಕೆಳಗಿನದು ಸತ್ತಿತ್ತು. ಓದಲು ಬಾರದವರಿಗೂ ಅರ್ಥವಾಗುವ ಹಾಗೆ ನನ್ನ ಮಗಳು ಎಷ್ಟು ಚೆನ್ನಾಗಿ ಜೋಡಿಸಿದ್ದಳೆಂದರೆ, ಬಂದವರು ಮೊದಲು ಲೋಟ ನೋಡಿ, ಆಮೇಲೆ ಅಂಗೈ ನೋಡಿ, ಆಮೇಲೆ ನನ್ನನ್ನು ನೋಡಿ, ಬೇಗನೆ ಕೋಟೆಯ ಕಡೆಗೆ ಹೋಗಿಬಿಡುತ್ತಿದ್ದರು.

ಹೊಸೂರಿನಿಂದ ಬಂದಿದ್ದ ಪರೀಕ್ಷಕರು ಒಳ್ಳೆಯ ಮನುಷ್ಯ. ತಮಿಳಿನಲ್ಲಿ ಕೇಳಿದರು, ಮಗಳಿಗೆ ತೊಡರಿದ ಕಡೆ ಕನ್ನಡದಲ್ಲೇ ಹೇಳಮ್ಮ ಅಂದರು. ಅವಳು ಪ್ರಶ್ನೆ ಹೇಳಿದಳು, ಲೋಟ ತೋರಿಸಿದಳು, ಮುಚ್ಚಳ ತೋರಿಸಿದಳು. ಹಾಗಾದರೆ ನೀನು ಕಂಡುಕೊಂಡದ್ದೇನು ಅಂತ ಅವರು ಕೇಳಿದಾಗ ಕೋಣೆಯಲ್ಲಿದ್ದ ಹೆಂಗಸರೆಲ್ಲ ಹತ್ತಿರ ಬಂದರು. ಅವಳು ನನ್ನ ಕಡೆ ಒಂದು ಸಲ ನೋಡಿದಳು. ನಾನು ತಲೆಯಾಡಿಸಿದೆ. ಬೇರೆ ಏನು ಮಾಡಬಹುದಿತ್ತು ಅಂತ ಇವತ್ತಿಗೂ ನನಗೆ ಗೊತ್ತಿಲ್ಲ.

“ಕೈಗುಣ ಇಲ್ಲ ಅಂತ ತೋರ್ಸಕ್ಕೆ ಮಾಡ್ದೆ ಸಾರ್. ಆದ್ರೆ ನಮ್ಮಮ್ಮ ಹಾಕಿದ್ದೇ ಸುಟ್ಟೋಯ್ತು. ಯಾಕೆ ಅಂತ ನಂಗೆ ಗೊತ್ತಾಗ್ಲಿಲ್ಲ.”

ಪರೀಕ್ಷಕರು ಅವಳ ಬೆನ್ನು ತಟ್ಟಿದರು. ತನಗೆ ಬೇಕಾದ ಉತ್ತರ ಬರದಿದ್ದರೂ ಬಂದದ್ದನ್ನೇ ಹೇಳಿದಳಲ್ಲ, ಇಲ್ಲಿರುವುದರಲ್ಲಿ ಇದೇ ನಿಜವಾದ ವಿಜ್ಞಾನ ಅಂತ ಎಲ್ಲರಿಗೂ ಕೇಳುವ ಹಾಗೆ ಹೇಳಿದರು. ಒಂದು ಲೋಟದಿಂದ ಏನೂ ಗೊತ್ತಾಗುವುದಿಲ್ಲ, ಒಬ್ಬೊಬ್ಬರಿಗೂ ಹತ್ತು ಹತ್ತು ಲೋಟ ಇಟ್ಟು ಮತ್ತೆ ಮಾಡಿ ನೋಡು ಅಂತಲೂ ಹೇಳಿದರು. ಮೊದಲ ಬಹುಮಾನ ಅವಳಿಗೇ ಬಂತು. ಒಂದು ಬಣ್ಣದ ಪೆಟ್ಟಿಗೆ. ಎಲ್ಲರೂ ಚಪ್ಪಾಳೆ ತಟ್ಟಿದರು, ನಾನೂ ತಟ್ಟಿದೆ. ನನ್ನ ಕೈ ಕೆಟ್ಟದ್ದು ಅಂತ ಸರ್ಕಾರದ ಕಡೆಯಿಂದ ಬಹುಮಾನ ಸಿಕ್ಕಿದ ಹಾಗೆ ಕೇಳಿಸುತ್ತಿತ್ತು ಆ ಚಪ್ಪಾಳೆ. ಹತ್ತು ಲೋಟದ ಮಾತು ತಮಿಳಿನಲ್ಲಿತ್ತು, ಎಲ್ಲರಿಗೂ ಅರ್ಥವೂ ಆಗಿತ್ತು, ಆದರೆ ಯಾರ ತಲೆಯಲ್ಲೂ ಅದು ನಿಲ್ಲಲಿಲ್ಲ. ಒಂದು ಲೋಟ ಮಾತ್ರ ನಿಂತಿತು.

ಪಕ್ಕದ ಮನೆಯ ಅಕ್ಕ ಬಂದು ನನ್ನ ಭುಜ ಹಿಡಿದುಕೊಂಡು, ಬೇಜಾರು ಮಾಡಿಕೊಳ್ಳಬೇಡ ಅಂದಳು. ಅವಳ ಮುಖದಲ್ಲಿ ಗೆದ್ದೆ ಅನ್ನುವುದೇನಾದರೂ ಇದೆಯಾ ಅಂತ ಹುಡುಕಿದೆ. ಇರಲಿಲ್ಲ. ಬರೀ ಅಯ್ಯೋ ಪಾಪ ಅನ್ನುವುದೇ ಇತ್ತು. ನನ್ನ ಮೈ ಉರಿದುಹೋಯಿತು.

ಜನ ತೆಳುವಾದ ಮೇಲೆ ಲೋಟ ಎತ್ತಿಡಲು ಹೋದೆ. ಕೊಟ್ಟಿಗೆಯ ಗೋಡೆಯ ಹತ್ತಿರ ಎಲ್ಲದಕ್ಕೂ ಒಂದೇ ವಾಸನೆ, ಅಲ್ಲಿ ಯಾರಿಗೂ ಏನೂ ಗೊತ್ತಾಗಿರಲಿಲ್ಲ. ಇಲ್ಲಿ ಸೀಮೆಸುಣ್ಣ, ಗೋಂದಿನ ವಾಸನೆಯ ಕೋಣೆಯಲ್ಲಿ ನನ್ನ ಲೋಟ ಮಾತ್ರ ಘಾಟು ಹೊಡೆಯುತ್ತಿತ್ತು. ಮೂಗಿನ ಹತ್ತಿರ ಹಿಡಿದೆ. ಗಂಜಲ. ಬೆರಳಲ್ಲಿ ಮಣ್ಣು ಕೆದಕಿದರೆ ತಳದವರೆಗೂ ಅದೇ. ಉಳಿದ ಮೂರನ್ನೂ ಮೂಸಿದೆ, ಬರೀ ಮಣ್ಣು.

ಯಾರು ಅಂತ ಯೋಚಿಸುವ ಅಗತ್ಯವೇ ಇರಲಿಲ್ಲ. ನಮ್ಮ ಹೊಲಕ್ಕೆ ದನದ ಗಂಜಲ ಹಿಡಿದು, ನೀರು ಬೆರೆಸಿ ಹುಯ್ಯುವುದು ಅತ್ತೆಯ ಕೆಲಸ, ಅವರ ಕೈ ಅಳತೆ ಯಾವತ್ತೂ ತಪ್ಪಿದ್ದಿಲ್ಲ. ಆದರೆ ಹೊಲದಲ್ಲಿ ಅದು ಇಳಿದು ಹೋಗುತ್ತದೆ. ತೂತಿಲ್ಲದ ಲೋಟದಲ್ಲಿ ಎಲ್ಲಿಗೆ ಹೋಗಬೇಕು? ದಿನ ದಿನಕ್ಕೂ ಅಲ್ಲೇ ನಿಂತು, ಗಟ್ಟಿಯಾಗಿ, ಬೇರನ್ನು ಸುಟ್ಟಿತ್ತು. ನನಗೆ ನಗು ಬಂದುಬಿಟ್ಟಿತು. ಎದೆಯ ಮೇಲಿಂದ ಕಲ್ಲು ಇಳಿಸಿದ ಹಾಗಾಯಿತು. ಲೋಟ ಹಿಡಿದುಕೊಂಡೇ ಹೊರಗೆ ಓಡಿದೆ.

ಅತ್ತೆ ಶಾಲೆಯ ನಲ್ಲಿಯ ಹತ್ತಿರ ಮುಖ ತೊಳೆಯುತ್ತಿದ್ದರು. ತೊಳೆದಷ್ಟೂ ಕಣ್ಣು ಒದ್ದೆಯಾಗುತ್ತಿತ್ತು. ನಾನು ಬಾಯಿ ತೆರೆಯುವ ಮೊದಲೇ ಅವರೇ ಮಾತಾಡಿದರು, ತುಂಬಾ ಮೆಲ್ಲಗೆ.

“ನಿನ್ನ ಲೋಟುಕ್ಕೆ ಮಾತ್ರ ದಿನಾ ಗಂಜಲದ ನೀರು ಹುಯ್ದೆ ಕಣವ್ವ, ಯಾರ್ಗೂ ಹೇಳ್ದಂಗೆ. ಅಷ್ಟು ಮಾಡುದ್ರೂ ಉಳೀಲಿಲ್ವಲ್ಲ. ಊರೋರು ಅಂದಿದ್ದುಕ್ಕೆ ನಾನು ಸುಮ್ನೆ ಜಗಳ ಆಡ್ಬುಟ್ಟೆ.”

ನನ್ನ ಕೈಯಲ್ಲಿದ್ದ ಲೋಟ ಭಾರವಾಯಿತು. ಊರೆಲ್ಲ ಸೇರಿ ಮಾಡಲಾಗದ್ದನ್ನು ಆ ಒಂದು ಲೋಟ ಮಾಡಿಬಿಟ್ಟಿತ್ತು. ಬೇರೆಯವರೆಲ್ಲ ಸತ್ತ ಪೈರನ್ನು ಮಾತ್ರ ನೋಡಿದ್ದರು. ಅತ್ತೆ ನೋಡಿದ್ದು ತಾವು ಕದ್ದು ಆರೈಕೆ ಮಾಡಿದರೂ ನನ್ನ ಕೈ ತಾಗಿದ್ದಕ್ಕೆ ಉಳಿಯದೆ ಹೋದ ಪೈರನ್ನು. ನಾನು ಗಡಿಬಿಡಿಯಲ್ಲಿ ಹೇಳತೊಡಗಿದೆ. ಲೋಟಕ್ಕೆ ತೂತಿಲ್ಲ ಅತ್ತೆ, ಗಂಜಲ ಇಂಗಲು ಜಾಗವಿಲ್ಲ, ಅದಕ್ಕೇ ಸುಟ್ಟಿದೆ, ಬೇಕಾದರೆ ಮೂಸಿ ನೋಡಿ ಅಂತ ಲೋಟವನ್ನು ಅವರ ಮುಖದ ಹತ್ತಿರ ಹಿಡಿದೆ. ಹೇಳುತ್ತಾ ಹೇಳುತ್ತಾ ನನಗೇ ನನ್ನ ಮಾತು ತಪ್ಪು ಮುಚ್ಚಿಕೊಳ್ಳುವವಳ ಮಾತಿನ ಹಾಗೆ ಕೇಳಿಸಿತು. ಅವರು ಲೋಟ ನೋಡಲಿಲ್ಲ, ನನ್ನನ್ನೇ ನೋಡಿದರು. ಪರೀಕ್ಷೆಯಲ್ಲಿ ಫೇಲಾದ ಮಗು ಕಾರಣ ಹೇಳಿದರೆ ಕೇಳಿಸಿಕೊಳ್ಳುತ್ತೇವಲ್ಲ, ಹಾಗೆ ಕೇಳಿಸಿಕೊಂಡರು. ನಾನು ಹುಟ್ಟಿದಾಗಿನಿಂದ ಗಂಜಲ ಹುಯ್ದಿದ್ದೇನೆ, ಯಾವತ್ತೂ ಏನೂ ಸುಟ್ಟಿಲ್ಲ ಅಂತ ಅವರು ಅನ್ನಬಹುದಿತ್ತು. ಅನ್ನಲಿಲ್ಲ. ಆಗಲಿ ಬಿಡವ್ವ, ಹಾಗೇ ಇರಬಹುದು ಅಂತ ನನ್ನ ತಲೆ ಸವರಿದರು. ಅವರು ಜಗಳವಾಡಿದ್ದರೆ ನಾನು ಗೆಲ್ಲುತ್ತಿದ್ದೆನೋ ಏನೋ. ಅಷ್ಟು ಪ್ರೀತಿಯ ಎದುರು ನನ್ನ ಹತ್ತಿರ ಏನೂ ಇರಲಿಲ್ಲ.

ಸಂಜೆ ಮಗಳಿಗೆ ಲೋಟ ಮೂಸಲು ಕೊಟ್ಟೆ. ಅವಳಿಗೆ ಒಂದೇ ಗಳಿಗೆಯಲ್ಲಿ ಎಲ್ಲ ಅರ್ಥವಾಯಿತು. ಅಜ್ಜಿಯ ಹತ್ತಿರ ಓಡಿದಳು, ನೀವು ಹಾಕಿದಿರಾ ಅಂತ ಕೇಳಿದಳು. ಹೌದು, ನಾನೇ ಹಾಕಿದ್ದು, ಅದರಿಂದಲೇ ಸುಟ್ಟದ್ದು, ನಿಮ್ಮವ್ವನ ಕೈಯಲ್ಲಿ ಯಾವ ದೋಷವೂ ಇಲ್ಲ ಅಂದುಬಿಟ್ಟರು ಅತ್ತೆ. ಮಗಳು ಅವರನ್ನು ತಬ್ಬಿಕೊಂಡು ಕುಣಿದಳು. ಅತ್ತೆ ಅವಳ ತಲೆಯ ಮೇಲಿಂದ ನನ್ನನ್ನು ನೋಡಿ, ಏನೂ ಮಾತಾಡಬೇಡ ಅನ್ನುವ ಹಾಗೆ ಕಣ್ಣಲ್ಲೇ ಹೇಳಿದರು. ನನಗಾಗಿ ತಾವೊಂದು ಸುಳ್ಳು ಹೇಳುತ್ತಿದ್ದೇವೆ ಅಂತ ಅವರು ತಿಳಿದುಕೊಂಡಿದ್ದರು. ಅದು ನಿಜ ಅಂತ ಆ ಮನೆಯಲ್ಲಿ ನನ್ನನ್ನೂ ಆ ಹುಡುಗಿಯನ್ನೂ ಬಿಟ್ಟು ಬೇರೆ ಯಾರಿಗೂ ಗೊತ್ತಿರಲಿಲ್ಲ, ಅದನ್ನು ಹೇಳಿದವರಿಗೂ ಗೊತ್ತಿರಲಿಲ್ಲ.

ಅಷ್ಟಕ್ಕೇ ನಿಲ್ಲಲಿಲ್ಲ. ಮರುದಿನದಿಂದ ಅತ್ತೆ ನಲ್ಲಿಯ ಹತ್ತಿರ ಎಲ್ಲರಿಗೂ ಅದನ್ನೇ ಸಾರತೊಡಗಿದರು. ನಾನೇ ಹಾಳುಮಾಡಿದ್ದು, ನನಗೆ ವಯಸ್ಸಾಯಿತು, ಬುದ್ಧಿ ಇಲ್ಲ ಅಂತ. ಮೊದಲಾದರೆ ಕೊಡ ಕೆಳಗಿಟ್ಟು ಕೂಗಾಡುತ್ತಿದ್ದರು. ಈಗ ತಲೆ ತಗ್ಗಿಸಿ, ಬಾಯಿಪಾಠ ಒಪ್ಪಿಸುವವರ ಹಾಗೆ ಹೇಳುತ್ತಿದ್ದರು. ಹೆಂಗಸರು ಹೌದೌದು ಅಂದರು. ಎಂಥ ಅತ್ತೆ ಸಿಕ್ಕಿದ್ದಾರೆ ಕಣೇ ನಿನಗೆ, ಸೊಸೆಯ ತಪ್ಪನ್ನು ತಲೆಯ ಮೇಲೆ ಹೊತ್ತುಕೊಳ್ಳುವ ಅತ್ತೆ ಯಾರಿಗಿದ್ದಾರೆ ಅಂತ ಪಕ್ಕದ ಮನೆಯ ಅಕ್ಕ ವ್ಯಾನಿನಲ್ಲಿ ನನಗೆ ಹೇಳಿದಳು. ನಾನು ಕಿಟಕಿಯ ಆಚೆ ನೋಡುತ್ತಾ ಕೂತೆ. ಇಲ್ಲ ಅದು ನಿಜ ಅಂದರೆ ಅತ್ತೆಯ ಮೇಲೆ ತಪ್ಪು ಹೊರಿಸಿದವಳಾಗುತ್ತೇನೆ. ಸುಮ್ಮನಿದ್ದರೆ ಒಪ್ಪಿಕೊಂಡವಳಾಗುತ್ತೇನೆ.

ಮಗಳ ಹತ್ತು ಹತ್ತು ಲೋಟದ ಪ್ರಯೋಗ ನಡೆಯಲಿಲ್ಲ. ಬೀಜ ಹಾಕಲು ಕೈ ಕೊಡಿ ಅಂತ ಕೇಳಿದರೆ ಯಾರೂ ಬರಲಿಲ್ಲ. ಅಜ್ಜಿಯೇ ಒಪ್ಪಿಕೊಂಡ ಮೇಲೆ ಮತ್ತೆ ಯಾಕವ್ವ ಅಂತ ಎಲ್ಲರೂ ನಯವಾಗಿ ಜಾರಿಕೊಂಡರು. ಅವಳಿಗೂ ಅದು ಸರಿ ಅನ್ನಿಸಿತು, ಅವಳ ಮಟ್ಟಿಗೆ ಪ್ರಶ್ನೆ ಮುಗಿದಿತ್ತು.

ನಮ್ಮದೇ ಬದನೆ ಒಟ್ಲಿನ ದಿನ ಬಂತು. ಅದು ಭಾನುವಾರ, ಮಗಳು ಮನೆಯಲ್ಲಿದ್ದಳು. ಅತ್ತೆ ಮೇಲಿನ ಬೀದಿಯ ಹೆಂಗಸಿಗೆ ಹೇಳಿಕಳಿಸಿದ್ದಾರೋ ಅಂತ ಬೆಳಗಿನಿಂದ ಬೀದಿಯ ಕಡೆಗೇ ನೋಡುತ್ತಿದ್ದೆ. ಇಲ್ಲ, ಕುಂಕುಮ ನನ್ನ ಹಣೆಗೇ ಇಟ್ಟರು, ಬೀಜ ನನ್ನ ಸೆರಗಿಗೇ ಸುರಿದರು. ಮಗಳು ಪಾತಿಯ ಬದುವಿನಲ್ಲಿ ಕೂತು ಚಪ್ಪಾಳೆ ತಟ್ಟಿದಳು. ನಾನು ಪೂರ್ವಕ್ಕೆ ತಿರುಗಿ ಹಿಡಿ ತುಂಬ ಬೀಜ ತೆಗೆದುಕೊಂಡು ಕೈ ಚಾಚಿದೆ. ಹಿಂದಿನಿಂದ ಅತ್ತೆ ಬಂದು ನನ್ನ ಮಣಿಕಟ್ಟು ಹಿಡಿದುಕೊಂಡರು. ಇಬ್ಬರೂ ಸೇರಿ ಹಾಕೋಣ ಅಂದರು. ಗಟ್ಟಿಯಾಗಿ ಹಿಡಿದಿದ್ದರು. ನನ್ನ ಕೈ ಎತ್ತಿದ್ದೂ ಅವರೇ, ಬೀಸಿದ್ದೂ ಅವರೇ. ಬೀಜ ಮಾತ್ರ ನನ್ನ ಬೆರಳ ಸಂದಿಯಿಂದ ಬಿತ್ತು.

ಸಸಿ ಚೆನ್ನಾಗಿ ಎದ್ದಿತು. ನೋಡಲು ಬಂದವರೆಲ್ಲ ಅತ್ತೆಯ ಕೈಗುಣವನ್ನು ಹೊಗಳಿದರು, ಇಷ್ಟು ವಯಸ್ಸಿನಲ್ಲೂ ನೋಡಿ ಅಂತ. ಸ್ವಲ್ಪ ದಿನಕ್ಕೆ ಪಕ್ಕದ ಮನೆಯ ಅಕ್ಕ ಕುಂಕುಮದ ಬಟ್ಟಲು ಹಿಡಿದು ನಮ್ಮ ಬಾಗಿಲಿಗೆ ಬಂದಳು. ಮೆಣಸಿನಕಾಯಿ ಒಟ್ಲಿಗೆ ಅತ್ತೆಯನ್ನು ಕರೆಯಲು. ಅತ್ತೆ ನನ್ನ ಮುಖ ನೋಡಿದರು. ಹೋಗಿ ಬನ್ನಿ ಅತ್ತೆ ಅಂದೆ. ಅವರು ಸೆರಗು ಸರಿಮಾಡಿಕೊಂಡು ಹೊರಟರು.

ಮಗಳು ಹೊಸ್ತಿಲ ಮೇಲೆ ಕೂತು ಬಹುಮಾನದ ಪೆಟ್ಟಿಗೆಯ ಬಣ್ಣದಲ್ಲಿ ಏನೋ ಬರೆಯುತ್ತಿದ್ದವಳು ತಲೆ ಎತ್ತಿ ಅವರಿಬ್ಬರೂ ಹೋಗುವುದನ್ನು ನೋಡಿದಳು.

“ಅಜ್ಜಿ ಎಲ್ಲಾರ್ಗೂ ಹೇಳಿದ್ರಲ್ಲಮ್ಮ. ಮತ್ತೆ ನಿನ್ನ ಯಾಕೆ ಕರೀಲಿಲ್ಲ?”

ಒಳ್ಳೆಯ ಪ್ರಶ್ನೆಯೇ. ನಾನು ಅವಳ ಪಕ್ಕ ಕೂತುಕೊಂಡೆ. ಬಣ್ಣ ಮೆತ್ತಿದ್ದ ಅವಳ ಅಂಗೈಯನ್ನು ನನ್ನ ಸೆರಗಿನಿಂದ ಒರೆಸತೊಡಗಿದೆ.